ಹಿಂದಿನ ಸೀಟಿನಿಂದ ಕಂಡ ಇಂಗ್ಲೆಂಡ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳುವ ಅರ್ಹತೆ ನನಗಿದೆ ಅನ್ನಿಸುವುದಿಲ್ಲ. ನಾನು ಸಾಹಿತ್ಯ ಓದಿದವಳಲ್ಲ. ಮೈಸೂರಿನಲ್ಲಿ ಹಗಲು ಟೈಪಿಸ್ಟ್ ಆಗಿದ್ದುಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಕಥೆ ಬರೆಯಲು ಕಲಿತದ್ದೂ ಸಂಜೆ ತರಗತಿಯಲ್ಲೇ, ಅದೂ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದು ಹೈಸ್ಕೂಲಿನ ಭೂಗೋಳದ ಕೋಣೆಯಲ್ಲಿ ಕೂತು. ಆದರೂ ನನ್ನ ಕಾದಂಬರಿಯ ಪ್ರಕಾಶಕರು ಬಿಡುತ್ತಿಲ್ಲ. ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಹಳ್ಳಿಯ ಪ್ರೇಮಕಥೆ ಕನ್ನಡದ ಹೆಂಗಸೊಬ್ಬಳಿಗೆ ಹೇಗೆ ಹೊಳೆಯಿತು, ಓದುಗರು ಕೇಳುತ್ತಿದ್ದಾರೆ, ನಿಮ್ಮ ಪ್ರೇರಣೆಯ ಬಗ್ಗೆ ನಾಲ್ಕು ಪುಟ ಬರೆದುಕೊಡಿ, ಅಂತ ಫೋನ್ ಮಾಡುತ್ತಲೇ ಇದ್ದಾರೆ. ಇದಕ್ಕೆ ಮೊದಲು ಬರೆದ ಪುಟಗಳಲ್ಲಿ ಈ ಊರಿನ ಹೊಳೆ, ಹೊಳೆದಂಡೆಯ ವಿಲ್ಲೋ ಮರಗಳು, ಕಲ್ಲಿನ ಚರ್ಚುಗಳು, ಗುಲಾಬಿ ತೋಟಗಳು ಎಲ್ಲ ಬಂದವು. ಯಾವುದೂ ಸುಳ್ಳಲ್ಲ. ಆದರೆ ಪ್ರೇರಣೆ ಅವಲ್ಲ. ಹರಿದು ಹಾಕಿದೆ. ಇದನ್ನು ಹರಿಯದೆ ಕಳಿಸುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಯಾರಿಗಾದರೂ ನೋವಾದರೆ ಮನ್ನಿಸಬೇಕು.

ನಾವು ಈ ದೇಶಕ್ಕೆ ಬಂದದ್ದು ನನ್ನ ಯಜಮಾನರು ವೆಂಕಟೇಶ್ ಅವರ ಕೆಲಸದ ಮೇಲೆ. ಬಂದ ಮೂರನೇ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಮಗಳು ನಿಧಿಯ ಶಾಲೆ ಇಲ್ಲೇ ಇತ್ತು, ಅವಳ ಗೆಳತಿಯರು ಇಲ್ಲೇ ಇದ್ದರು. ನಾನು ಇದೇ ಊರಿನ ರಿಕ್ಕರ್ಟನ್ ಬಡಾವಣೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡು ಉಳಿದೆ. ಕಾರು ಓಡಿಸುವ ಧೈರ್ಯ ಮಾತ್ರ ಬರಲಿಲ್ಲ. ರೌಂಡ್‌ಅಬೌಟ್ ಕಂಡರೆ ಈಗಲೂ ಕೈ ಬೆವರುತ್ತದೆ.

ಮಂಗಳವಾರ ಸಂಜೆ ಕಥೆ ಬರೆಯುವ ತರಗತಿ ಇದೆ ಎಂದು ಲೈಬ್ರರಿಯ ಗೋಡೆಯಲ್ಲಿ ನೋಡಿ ಹೆಸರು ಕೊಟ್ಟೆ. ಇಂಗ್ಲಿಷ್ ಸುಧಾರಿಸಲಿ ಅಂತ ಎಲ್ಲರಿಗೂ ಹೇಳಿದೆ. ಶಾಲೆ ಊರಿನ ಇನ್ನೊಂದು ತುದಿಯಲ್ಲಿತ್ತು. ಇದು ಜಯಲಕ್ಷ್ಮಿ ಆಂಟಿಯ ಕಿವಿಗೆ ಬಿತ್ತು. ಆಂಟಿ ಎಂದರೆ ಇಲ್ಲಿನ ಕನ್ನಡದವರಲ್ಲೆಲ್ಲ ಹಿರಿಯರು. ಗಣೇಶನ ಹಬ್ಬಕ್ಕೆ ಎಲ್ಲರೂ ಸೇರುತ್ತಿದ್ದದ್ದು ಅವರ ಮನೆಯಲ್ಲೇ. ಎಲ್ಲರೂ ಹೆದರುತ್ತಿದ್ದದ್ದೂ ಅವರ ನಾಲಿಗೆಗೇ. ಆ ವರ್ಷದ ಹಬ್ಬದ ದಿನ, ಕಡುಬು ಬಡಿಸುತ್ತಾ, ಪಂಕ್ತಿಯ ಕೊನೆಯಲ್ಲಿ ಕೂತಿದ್ದವರ ಕಡೆ ತಿರುಗಿ ಕೂಗಿದರು.

"ಏ ಶ್ರೀಪಾದ, ನೀನೂ ಮಂಗಳವಾರ ಅದೇ ಸ್ಕೂಲಿಗೆ ತಾನೆ ಮರಗೆಲ್ಸ ಕಲಿಯಕ್ಕೆ ಹೋಗೋದು? ಕಾತ್ಯಾಯಿನೀನ ಕರ್ಕೊಂಡು ಹೋಗು. ಬಸ್ಸಿಗೆ ಕಾದು ಕಾದು ಹಪ್ಪಳ ಆಗ್ತಾಳೆ."

"ಆಗ್ಲಿ ಆಂಟಿ," ಎಂದರು ಅವರು, ಎಲೆಯಿಂದ ತಲೆ ಎತ್ತದೆ.

"ಆಗ್ಲಿ ಅಂತ ಎಲೆಗೆ ಹೇಳ್ಬೇಡ, ಅವಳಿಗೆ ಹೇಳು."

ಎಲ್ಲರೂ ನಕ್ಕರು. ನಾನು ಮಾತ್ರ ತಲೆ ತಗ್ಗಿಸಿ ಕಡುಬು ಮುರಿಯತೊಡಗಿದೆ. ಆಂಟಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ.

ಶ್ರೀಪಾದ ಅವರೂ ಮೈಸೂರಿನ ಕಡೆಯವರು. ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಮುರಿದ ಕುರ್ಚಿ ಕೊಂಡು ಅದನ್ನು ಮರಗೆಲಸದ ತರಗತಿಯಲ್ಲಿ ರಿಪೇರಿ ಮಾಡುತ್ತಿದ್ದರು. ಮೊದಲ ಮಂಗಳವಾರ ಕಾರು ನಮ್ಮ ಗೇಟಿನ ಮುಂದೆ ನಿಂತಾಗ ಮುಂದಿನ ಸೀಟಿನಲ್ಲಿ ಆ ಕುರ್ಚಿ ಕೂತಿತ್ತು. ಸೀಟ್‌ಬೆಲ್ಟ್ ಕೂಡ ಹಾಕಿದ್ದರು.

"ಸಾರಿ ರೀ, ಹಿಂದೆ ಇಟ್ರೆ ಕಾಲು ಬಾಗಿಲಿಗೆ ತಗುಲತ್ತೆ. ತೆಗೀಲಾ?"

"ಬೇಡ ಬೇಡ, ನಾನು ಹಿಂದೆ ಕೂರ್ತೀನಿ," ಎಂದೆ. ನಿಜ ಹೇಳಬೇಕೆಂದರೆ ಉಸಿರು ಬಂದಂತಾಯಿತು. ನಮ್ಮವರಲ್ಲಿ ಯಾರ ಕಾರಿನ ಮುಂದಿನ ಸೀಟಿನಲ್ಲಿ ಯಾರು ಕೂತಿದ್ದರು ಎನ್ನುವುದು ಸಣ್ಣ ವಿಷಯವಲ್ಲ. ಪಿಕ್ನಿಕ್‌ಗೆ ಹೋಗುವಾಗ ಎರಡು ಸಂಸಾರ ಒಂದೇ ಕಾರಿನಲ್ಲಿ ಹೊರಟರೆ ಗಂಡಸರು ಮುಂದೆ, ಹೆಂಗಸರು ಹಿಂದೆ. ಗಂಡ ಇಲ್ಲದವಳು ಮದುವೆಯಾಗದವನ ಪಕ್ಕ ಕೂತು ರಿಕ್ಕರ್ಟನ್ ರಸ್ತೆಯಲ್ಲಿ ಹೋದರೆ, ಕಾರು ಸಿಗ್ನಲ್ ದಾಟುವ ಮೊದಲೇ ಸುದ್ದಿ ಆಂಟಿಯ ಅಡುಗೆಮನೆ ಮುಟ್ಟುತ್ತದೆ ಎಂದು ನನ್ನ ಲೆಕ್ಕ.

ಹಾಗೆ ಕುರ್ಚಿ ಮುಂದೆ, ನಾನು ಹಿಂದೆ. ಕೆಲವು ವಾರಗಳಾದ ಮೇಲೆ ಅವರು ಕುರ್ಚಿಯನ್ನು ಬಿಡಿಬಿಡಿಯಾಗಿ ಬಿಚ್ಚಿದ್ದರು. ಆಗ ಅದು ಡಿಕ್ಕಿಯಲ್ಲೂ ಹಿಡಿಯುತ್ತಿತ್ತು. ಆದರೂ ಕಾಲು, ಕೈ, ಬೆನ್ನು ಎಲ್ಲ ಮುಂದಿನ ಸೀಟಿನಲ್ಲೇ ಇರುತ್ತಿದ್ದವು. ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

"ಅಮ್ಮಾ, ಚೇರ್‌ಗೆ ಫ್ರಂಟ್ ಸೀಟ್, ನಿನಗೆ ಬ್ಯಾಕ್ ಸೀಟಾ? ದಟ್ಸ್ ಸೋ ವಿಯರ್ಡ್," ಎಂದಳು ನಿಧಿ ಕಿಟಕಿಯಿಂದ ನೋಡಿ.

ಕಥೆ ತರಗತಿಯ ಟೀಚರು ಗ್ಲೆನಿಸ್ ಎಂಬ ಇಲ್ಲಿಯವರು. ಅವರಂತೂ ಬಹಳ ದಿನ ಶ್ರೀಪಾದ ಅವರನ್ನು ಟ್ಯಾಕ್ಸಿಯವರೆಂದೇ ತಿಳಿದಿದ್ದರು. ತರಗತಿ ಮುಗಿದಾಗ "ನಿನ್ನ ಟ್ಯಾಕ್ಸಿ ಬಂತು ನೋಡು" ಅನ್ನುತ್ತಿದ್ದರು. ನಾನು ತಿದ್ದಲಿಲ್ಲ. ತಿದ್ದಿದರೆ ಮತ್ತೆ ಅವರು ಯಾರು ಎಂದು ಹೇಳಬೇಕಾಗುತ್ತಿತ್ತು.

ಹಿಂದಿನ ಸೀಟಿನ ಎಡಗಡೆ ಕೂತರೆ ಡ್ರೈವರ್ ಎಷ್ಟು ಕಾಣುತ್ತಾನೆ? ಕತ್ತಿನ ಹಿಂಭಾಗ, ಎಡಗಿವಿ, ಗೇರ್ ಮೇಲಿನ ಕೈ. ಕನ್ನಡಿಯಲ್ಲಿ ಹುಬ್ಬು, ಕಣ್ಣು. ಕೂದಲು ಕತ್ತರಿಸಿಕೊಂಡು ಬಂದ ವಾರ ಕತ್ತಿನ ಮೇಲೆ ತೆಳ್ಳಗೆ ಬಿಳಿ ಗೆರೆ ಕಾಣುತ್ತಿತ್ತು. ನಗು ಬಂದರೆ ಅವರ ಕಿವಿ ಮೊದಲು ಅಲ್ಲಾಡುತ್ತಿತ್ತು, ಶಬ್ದ ಆಮೇಲೆ ಬರುತ್ತಿತ್ತು. ಓದುಗರು ಕೇಳುತ್ತಾರೆ, ನಿಮ್ಮ ನಾಯಕನ ಮುಖವನ್ನು ನೀವು ಕಾದಂಬರಿಯಲ್ಲಿ ಎಲ್ಲೂ ಸರಿಯಾಗಿ ವರ್ಣಿಸಿಲ್ಲ, ಅವನು ಕುದುರೆಗಾಡಿ ಓಡಿಸುವಾಗಿನ ಬೆನ್ನನ್ನು ಮಾತ್ರ ಪುಟಗಟ್ಟಲೆ ಬರೆದಿದ್ದೀರಿ, ಇದು ತಂತ್ರವೇ ಎಂದು. ತಂತ್ರವಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ.

ಗ್ಲೆನಿಸ್ ಮೊದಲು ಕೊಟ್ಟ ಕೆಲಸ, ನಿಮಗೆ ಚೆನ್ನಾಗಿ ಗೊತ್ತಿರುವ ಊರಿನ ಕಥೆ ಬರೆಯಿರಿ ಎಂದು. ಮೈಸೂರಿನ ಒಬ್ಬ ವಿಧವೆಯ ಕಥೆ ಶುರು ಮಾಡಿದೆ. ಆಕೆಗೆ ಒಬ್ಬರನ್ನು ಕಂಡರೆ ಇಷ್ಟ ಎನ್ನುವ ವಾಕ್ಯದವರೆಗೆ ಬಂದು ಪೆನ್ನು ನಿಂತಿತು. ನನ್ನ ಅತ್ತೆ ಓದುತ್ತಾರೆ, ನಾದಿನಿ ಓದುತ್ತಾಳೆ, ಆಂಟಿ ಓದಿ ಹಬ್ಬದ ದಿನ ಗಟ್ಟಿಯಾಗಿ ಹೇಳುತ್ತಾರೆ ಅನ್ನಿಸಿತು. ಇನ್ನೊಂದು ವಾರ, ಎಂದೂ ನೋಡದ ಊರಿನ ಬಗ್ಗೆ ಬರೆಯಿರಿ ಎಂದರು. ಅದೇ ವಿಧವೆಗೆ ಹೆಸ್ಟರ್ ಎಂದು ಹೆಸರಿಟ್ಟು, ತಲೆಗೆ ಆ ಕಾಲದ ಬಾನೆಟ್ ಟೊಪ್ಪಿ ಕಟ್ಟಿ, ಎಲ್ಡರ್‌ಫರ್ಡ್ ಎಂಬ ಇಲ್ಲದ ಹಳ್ಳಿಯಲ್ಲಿ ಕೂರಿಸಿದೆ. ಸಂತೆಗೆ ಹೋಗಿಬರಲು ಅವಳಿಗೆ ಶಾಲೆಯ ಮೇಷ್ಟ್ರು ನೇಥನ್‌ನ ಗಾಡಿಯಲ್ಲಿ ಹಿಂದೆ ಜಾಗ ಸಿಕ್ಕಿತು. ಪೆನ್ನು ನಿಲ್ಲಲಿಲ್ಲ. ಅಲ್ಲಿ ಜಯಲಕ್ಷ್ಮಿ ಆಂಟಿ ಇರಲಿಲ್ಲ. ಇದ್ದರೂ ಪಾದ್ರಿಯ ಹೆಂಡತಿಯಾಗಿದ್ದರು, ಕನ್ನಡ ಓದುತ್ತಿರಲಿಲ್ಲ.

ಬರೆಯುತ್ತಾ ಹೋದಂತೆ ಇನ್ನೊಂದು ಗೊತ್ತಾಯಿತು. ಆ ಕಾಲದ ಇಂಗ್ಲೆಂಡಿನ ಹಳ್ಳಿಯ ನಡವಳಿಕೆಗೆ ನಾನು ಹೆಚ್ಚು ಪುಸ್ತಕ ತಿರುವಬೇಕಾಗಲಿಲ್ಲ. ಹೆಣ್ಣು ಒಬ್ಬಳೇ ತಿರುಗಬಾರದು, ಮನೆಗೆ ಬಂದ ಗಂಡಸು ಎರಡನೇ ಲೋಟ ಕುಡಿದನೋ ಇಲ್ಲವೋ ಎಂದು ಅಡುಗೆಮನೆಯಲ್ಲಿ ಚರ್ಚೆಯಾಗಬೇಕು, ಮನಸ್ಸಿನಲ್ಲಿದ್ದದ್ದನ್ನು ಹವಾಮಾನದ ಮಾತಿನಲ್ಲಿ ಹೇಳಬೇಕು. ಇದೆಲ್ಲ ನಾನು ಬೆಳೆದ ಮನೆಯೇ. ಗಾಡಿ, ಬ್ರೆಡ್ಡು, ಬಟ್ಟೆಯ ವಿವರಗಳನ್ನಷ್ಟೇ ಲೈಬ್ರರಿಯಲ್ಲಿ ಹುಡುಕಿಕೊಂಡೆ.

ನಾನು ಬರೆಯುತ್ತಿದ್ದದ್ದು ಕನ್ನಡದಲ್ಲಿ. ತರಗತಿಯಲ್ಲಿ ಸಾರಾಂಶವನ್ನು ನನ್ನ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಪೂರ್ತಿ ಕೇಳಿದವರು ಒಬ್ಬರೇ. ವಾಪಸು ಬರುವಾಗ ಹಿಂದಿನ ಸೀಟಿನ ದೀಪ ಹಾಕಿಕೊಂಡು ಆ ವಾರ ಬರೆದದ್ದನ್ನು ಓದುತ್ತಿದ್ದೆ. ಶ್ರೀಪಾದ ಅವರು ರೇಡಿಯೋ ಆರಿಸಿ, "ಹೂಂ, ಶುರು ಮಾಡಿ" ಅನ್ನುತ್ತಿದ್ದರು.

ಒಂದು ಸಲ ನಡುವೆ ತಡೆದರು. "ರೀ, ಒಂದ್ನಿಮಿಷ. ಸೆಪ್ಟೆಂಬರ್ ತಿಂಗಳಲ್ಲಿ ಡ್ಯಾಫೊಡಿಲ್ ಹೂವು, ಕುರಿಮರಿ ಅಂತ ಓದಿದ್ರಲ್ಲ?"

"ಹೌದು. ಹ್ಯಾಗ್ಲಿ ಪಾರ್ಕಿನಲ್ಲಿ ಈಗ ತುಂಬ ಬಿಟ್ಟಿದೆಯಲ್ಲ, ನೋಡ್ಕೊಂಡೇ ಬರೆದೆ."

"ಬಿಟ್ಟಿರೋದು ನಮ್ ಪಾರ್ಕಲ್ಲಿ ರೀ. ಇಂಗ್ಲೆಂಡು ಮೇಲ್ಗಡೆ ಇದೆ, ಕಾಲಗಳೆಲ್ಲ ಉಲ್ಟಾ. ಅಲ್ಲಿ ಸೆಪ್ಟೆಂಬರ್‌ಗೆ ಎಲೆ ಉದುರತ್ತೆ."

ನನಗೆ ನಾಚಿಕೆಯಿಂದ ಮೈ ಬಿಸಿಯಾಯಿತು. "ಅಯ್ಯೋ, ಕ್ರಿಸ್‌ಮಸ್ ದಿನ ಅವರು ಹೊಳೇಲಿ ಕಾಲು ಇಳಿಬಿಟ್ಕೊಂಡು ಕೂತಿದಾರೆ!"

ಅವರ ಕಿವಿ ಅಲ್ಲಾಡಿತು. ಆಮೇಲೆ ನಗು ಜೋರಾಗಿಯೇ ಬಂತು. "ಪಾಪ, ಇಬ್ಬರಿಗೂ ನ್ಯುಮೋನಿಯ ಆಗತ್ತೆ. ಮದುವೆಗೆ ಮೊದಲೇ ಸಾಯ್ತಾರೆ."

"ಮದುವೆ ಆಗತ್ತೆ ಅಂತ ನಿಮಗೆ ಯಾರು ಹೇಳಿದ್ದು?"

"ಆಗಲ್ವಾ?" ಎಂದರು. ಕನ್ನಡಿಯಲ್ಲಿ ಕಣ್ಣು ಒಮ್ಮೆ ನನ್ನ ಕಡೆ ಬಂದು ರಸ್ತೆಗೆ ಹೋಯಿತು.

ಗ್ಲೆನಿಸ್‌ಗೆ ಆ ತಪ್ಪು ಕಂಡಿರಲಿಲ್ಲ. ಅವರಿಗೂ ಹುಟ್ಟಿದಾಗಿನಿಂದ ಕ್ರಿಸ್‌ಮಸ್ ಎಂದರೆ ಬೇಸಿಗೆಯೇ. ನಾನು ಇಡೀ ಪುಸ್ತಕದ ಋತುಗಳನ್ನು ಬದಲಿಸಿ ಮತ್ತೆ ಬರೆದೆ.

ಕೆಲವೊಮ್ಮೆ ಕಾರು ನಮ್ಮ ಗೇಟಿಗೆ ಬಂದರೂ ಅಧ್ಯಾಯ ಮುಗಿದಿರುತ್ತಿರಲಿಲ್ಲ. "ಇನ್ನೊಂದು ಸುತ್ತು ಹಾಕ್ಲಾ?" ಎಂದು ಕೇಳುತ್ತಿದ್ದರು. ಮೂಲೆಯ ಚಿಲ್ಲರೆ ಅಂಗಡಿ ಬಳಸಿಕೊಂಡು, ಶಾಲೆಯ ಮೈದಾನ ದಾಟಿ, ಮತ್ತೆ ನಮ್ಮ ರಸ್ತೆಗೆ. ನಾನು ಅಧ್ಯಾಯಗಳನ್ನು ಉದ್ದ ಮಾಡತೊಡಗಿದೆ. ಕಾದಂಬರಿಯ ನಡುಭಾಗ ಸ್ವಲ್ಪ ಎಳೆದಂತಿದೆ ಎಂದು ಒಬ್ಬ ವಿಮರ್ಶಕರು ಬರೆದಿದ್ದಾರೆ. ಒಪ್ಪುತ್ತೇನೆ.

ನನಗೆ ಅವರ ಮೇಲೆ ಇಷ್ಟವಿತ್ತು. ಇಷ್ಟು ಸರಳವಾದ ವಾಕ್ಯವನ್ನು ಬರೆಯಲು ನನಗೆ ಮುನ್ನೂರು ಪುಟದ ಇಂಗ್ಲೆಂಡ್ ಬೇಕಾಯಿತು. ಅವರು ಒಂದು ಮಾತು ಹೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ. ಯಾರು ಏನಂದರೂ ಸರಿ ಅಂದುಕೊಂಡೇ ಅನ್ನುತ್ತಿದ್ದೆ. ಆದರೆ ಆ ಮಾತು ಅವರ ಕಡೆಯಿಂದ ಬರಬೇಕು ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನಾನು ಬೆಳೆದ ಮನೆಯಲ್ಲೂ, ನಾನು ಬರೆಯುತ್ತಿದ್ದ ಹಳ್ಳಿಯಲ್ಲೂ ಹೆಣ್ಣು ಮೊದಲು ಹೇಳುವುದಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಸರ್ಕಾರ ಇಂಥ ಸಂಜೆ ತರಗತಿಗಳಿಗೆ ಕೊಡುತ್ತಿದ್ದ ನೆರವನ್ನು ಕಡಿದುಹಾಕಿತು. ವರ್ಷದ ಕೊನೆಗೆ ನಮ್ಮ ತರಗತಿಗಳು ಮುಚ್ಚುತ್ತವೆ ಎಂದು ಗ್ಲೆನಿಸ್ ಹೇಳಿದರು. ಎಲ್ಲರೂ ಬೇಸರ ಮಾಡಿಕೊಂಡರು. ನನಗೆ ಬೇಸರದ ಜೊತೆ ಒಂದು ಆಸೆಯೂ ಹುಟ್ಟಿತು. ನಾನು ಓದಿದ, ಬರೆದ ಕಥೆಗಳಲ್ಲೆಲ್ಲ ಹೀಗೇ ಆಗುತ್ತದೆ. ಇಬ್ಬರು ಭೇಟಿಯಾಗಲು ಇದ್ದ ನೆಪ ತಪ್ಪಿಹೋಗುತ್ತದೆ, ಆಗ ನಾಯಕ ಬಾಯಿ ಬಿಡಲೇಬೇಕು.

ಕೊನೆಯ ಮಂಗಳವಾರ ತರಗತಿ ಮುಗಿಸಿ ಹೊರಗೆ ಬಂದೆ. ಡಿಸೆಂಬರ್, ಇನ್ನೂ ಬೆಳಕಿತ್ತು. ಕಾರಿನ ಮುಂದಿನ ಸೀಟು ಖಾಲಿ ಇತ್ತು.

"ಕುರ್ಚಿ?" ಎಂದೆ.

"ಮುಗೀತು. ನೀವು ಕ್ಲಾಸಲ್ಲಿದ್ದಾಗ ಮನೆಗೆ ಒಯ್ದಿಟ್ಟು ಬಂದೆ," ಎಂದರು. ಸೀಟನ್ನು ಒರೆಸಿದ್ದರು. ಮರದ ಪುಡಿ ಒಂದು ಚೂರೂ ಇರಲಿಲ್ಲ. ಅವರು ಆ ಸೀಟಿನ ಬಾಗಿಲ ಹತ್ತಿರ ನಿಂತಿದ್ದರು, ಬಾಗಿಲನ್ನು ತೆಗೆದಿರಲಿಲ್ಲ. ಶಾಲೆಯ ಗೇಟಿನಲ್ಲಿ ತರಗತಿಯವರೆಲ್ಲ ಬೀಳ್ಕೊಳ್ಳುತ್ತ ನಿಂತಿದ್ದರು. ನನ್ನ ಕಾಲು ತಾನಾಗಿಯೇ ಹಿಂದಿನ ಬಾಗಿಲಿಗೆ ಹೋಯಿತು. ಅವರು ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಸುತ್ತಿ ಬಂದು ಕೂತರು.

ಆ ದಿನ ಓದಬೇಕಾದದ್ದು ಕೊನೆಯ ಅಧ್ಯಾಯ. ನೇಥನ್ ಹೆಸ್ಟರ್‌ಳ ಮುಂದೆ ನಿಲ್ಲುವವರೆಗೆ ಬರೆದಿದ್ದೆ. ಅಲ್ಲಿಗೆ ಓದಿ ನಿಲ್ಲಿಸಿದೆ.

"ಮುಂದೆ?" ಎಂದರು.

ನನ್ನ ಮಟ್ಟಿಗೆ ಬಹಳ ದೊಡ್ಡ ಧೈರ್ಯ ಮಾಡಿದೆ. "ಮುಂದೆ ಬರೀಲಿಕ್ಕೆ ಆಗಿಲ್ಲ. ಈಗ ಅವನು ಏನು ಹೇಳ್ತಾನೆ ಅಂತ ನನಗೆ ಗೊತ್ತಾಗ್ತಿಲ್ಲ. ನೀವು ಗಂಡಸರು, ನೀವೇ ಹೇಳಿ."

ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು. ಅವರು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು.

"ಅವನು ಹೇಳ್ಲೇಬೇಕಾ? ಅಷ್ಟು ದಿನ ಗಾಡೀಲಿ ಕರ್ಕೊಂಡು ಓಡಾಡಿದಾನಲ್ಲ. ಅವಳಿಗೆ ಗೊತ್ತಾಗಲ್ವಾ?"

ನಾನು ಒಳ್ಳೆಯ ವಿದ್ಯಾರ್ಥಿನಿ. ತರಗತಿಯಲ್ಲಿ ಹೇಳಿದ್ದನ್ನು ಮರೆತವಳಲ್ಲ. "ಇಲ್ಲಾರೀ, ಹಾಗೆ ಬಿಡೋಕಾಗಲ್ಲ. ಓದುವವರಿಗೆ ಸ್ಪಷ್ಟ ಆಗ್ಬೇಕು ಅಂತ ಗ್ಲೆನಿಸ್ ಹೇಳಿದಾರೆ," ಎಂದೆ.

"ಓ," ಎಂದರು. "ಹಾಗಾದ್ರೆ ಹೇಳ್ಸಿ."

ಗೇಟು ಎದ್ದಿತು. ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ, "ಇನ್ನೊಂದು ಸುತ್ತು ಹಾಕ್ಲಾ?" ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಹಾಳೆಗಳು ಮುಗಿದಿದ್ದವು.

"ಓದೋಕೆ ಇನ್ನೇನೂ ಇಲ್ವಲ್ಲ," ಎಂದೆ. ಬಾಗಿಲು ತೆಗೆದು ಇಳಿದೆ.

ಹೊಸ ವರ್ಷಕ್ಕೆ ಮೊದಲೇ ಅವರಿಗೆ ಆಸ್ಟ್ರೇಲಿಯದ ಪರ್ತ್‌ನಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಆಗ ಕಟ್ಟಡದ ಕೆಲಸಗಳು ನಿಂತುಹೋಗಿದ್ದವು, ತುಂಬ ಜನ ಹೀಗೆ ಹೊರಟರು. ಹೋಗುವ ಮುನ್ನ ಹೇಳಿಹೋಗಲು ನಮ್ಮ ಮನೆಗೆ ಬಂದರು. ಅಷ್ಟು ದಿನವೂ ಗೇಟಿನವರೆಗೆ ಬಂದವರು ಒಳಗೆ ಬಂದದ್ದು ಅದೇ ಮೊದಲು. ನಾನು ಪುಳಿಯೋಗರೆ ಗೊಜ್ಜು ಮಾಡಿ ಬಾಟಲಿಗೆ ತುಂಬಿಟ್ಟಿದ್ದೆ.

"ಇದನ್ನ ಕಸ್ಟಮ್ಸ್‌ನೋರು ಬಿಡಲ್ಲ ಕಣ್ರೀ. ಇದೇನು ಕಪ್ಪಗಿದೆ ಅಂತ ನಾಯಿ ತಂದು ಮೂಸಿಸ್ತಾರೆ," ಎಂದರು. ನನ್ನ ಮುಖ ನೋಡಿ, "ಅನ್ನ ಇದ್ಯಾ? ಇಲ್ಲೇ ತಿಂದು ಹೋಗ್ತೀನಿ, ಹೊಟ್ಟೇಲಿದ್ರೆ ಯಾರೂ ಕೇಳಲ್ಲ," ಎಂದು ಕೂತೇಬಿಟ್ಟರು.

ನಿಧಿ ಬಿದ್ದುಬಿದ್ದು ನಕ್ಕಳು. ಅವರು ಎರಡು ಸಲ ಹಾಕಿಸಿಕೊಂಡು ತಿಂದರು. ಎದುರಿನ ಕುರ್ಚಿಯಲ್ಲಿ ಕೂತು ನಾನು ಮೊದಲ ಬಾರಿಗೆ ಅವರ ಮುಖವನ್ನು ಪೂರ್ತಿಯಾಗಿ, ನೇರವಾಗಿ ನೋಡಿದೆ. ಗಲ್ಲದಲ್ಲಿ ಒಂದು ಹಳೆಯ ಗಾಯದ ಗುರುತಿತ್ತು. ಅದು ಹೇಗಾಯಿತು ಎಂದು ಕೇಳಬೇಕೆನಿಸಿತು. ಹೋಗುವ ದಿನ ಕೇಳುವ ಪ್ರಶ್ನೆಯಲ್ಲ ಎಂದುಕೊಂಡು ನೀರಿನ ಲೋಟ ಮುಂದಿಟ್ಟೆ.

ಕೈ ತೊಳೆದು ಬಂದು ಕೇಳಿದರು: "ನೇಥನ್ ಹೇಳಿದ್ನಾ?"

"ಇನ್ನೂ ಇಲ್ಲ."

"ನಿಧಾನಕ್ಕೆ ಬರೀರಿ. ಅವಸರ ಏನಿಲ್ಲ," ಎಂದರು. ನಿಧಿಯ ತಲೆ ಸವರಿ ಹೊರಟರು. ನಾನು ಬಾಗಿಲಲ್ಲೇ ನಿಂತಿದ್ದೆ. ನಿಧಿ ಗೇಟಿನವರೆಗೆ ಹೋಗಿ ಬಂದಳು. ನನ್ನನ್ನು ನೋಡಿ, ಅಪರೂಪಕ್ಕೆ ಕನ್ನಡದಲ್ಲೇ, "ಅಮ್ಮಾ, ಯಾಕೆ ಅಳ್ತಿದೀಯ?" ಎಂದಳು. ಗೊಜ್ಜಿನ ಖಾರ ಎಂದೆ.

ಮೊದಮೊದಲು ಹಬ್ಬಗಳಿಗೆ ಫೋನ್ ಬರುತ್ತಿತ್ತು. ಆಮೇಲೆ ನಿಂತಿತು. ಒಂದು ದಿನ ಜಯಲಕ್ಷ್ಮಿ ಆಂಟಿ ಅಂಗಡಿಗೆ ಬಿ.ಪಿ. ಮಾತ್ರೆ ತೆಗೆದುಕೊಳ್ಳಲು ಬಂದರು. ಕೌಂಟರಿನ ಮೇಲೆ ಮೊಣಕೈ ಊರಿ, "ಗೊತ್ತಾಯ್ತಾ? ಶ್ರೀಪಾದಂಗೆ ಪರ್ತ್‌ನಲ್ಲಿ ಮದುವೆ ಆಯ್ತಂತೆ," ಎಂದರು. "ಹಾಸನದ ಕಡೆಯೋಳು. ಅವಳಿಗೂ ಮೊದಲ ಗಂಡ ಹೋಗಿದಾನೆ, ಒಬ್ಬ ಮಗ ಇದಾನೆ. ಪಾಪ, ಒಳ್ಳೇದೇ ಆಯ್ತು."

ಮಾತ್ರೆಯ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದೆ. ಸೊಟ್ಟ ಆಯಿತು. ಕಿತ್ತು ಮತ್ತೆ ಅಂಟಿಸಿದೆ.

ಆಂಟಿ ದನಿ ಇಳಿಸಿದರು. ಅವರು ದನಿ ಇಳಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಾನೇನೋ ನಿಮ್ಮಿಬ್ಬರದೇ ಆಗತ್ತೆ ಅಂದ್ಕೊಂಡಿದ್ದೆ ಕಣೇ. ಅದಕ್ಕೇ ಅಲ್ವಾ ಕಾರಲ್ಲಿ ಕೂರ್ಸಿ ಕಳಿಸಿದ್ದು? ನಿನಗೆ ಅಂತ ಒಂದು ಸೀರೆ ಬೇರೆ ಎತ್ತಿಟ್ಟಿದ್ದೆ. ಏನಾಯ್ತೇ?"

"ಏನೂ ಆಗಲಿಲ್ಲ ಆಂಟಿ," ಎಂದೆ. ಅದು ನಿಜವಾದ ಉತ್ತರವೇ ಆಗಿತ್ತು. ಮಾತ್ರೆ ಊಟವಾದ ಮೇಲೆ ತೆಗೆದುಕೊಳ್ಳಿ ಎಂದೆ. ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಗಳ ನಡುವೆ ನಿಂತುಕೊಂಡೆ. ನಾನು ಯಾರಿಗೆ ಹೆದರಿದ್ದೆನೋ ಅವರು ಸೀರೆ ತೆಗೆದಿಟ್ಟಿದ್ದರು. ಗಂಡ ಸತ್ತವಳು ಎನ್ನುವುದು ಶ್ರೀಪಾದ ಅವರಿಗೆ ಅಡ್ಡಿಯಾಗುತ್ತದೋ ಏನೋ ಎಂದು ನಾನು ಎಷ್ಟೋ ದಿನ ಯೋಚಿಸಿದ್ದೆ. ಅದು ಅಡ್ಡಿಯೇ ಆಗಿರಲಿಲ್ಲ.

ಕೊನೆಯ ಅಧ್ಯಾಯವನ್ನು ಬರೆದದ್ದು ಅದಾದ ಮೇಲೆ. ನೇಥನ್ ಒಂದೂವರೆ ಪುಟ ಮಾತಾಡುತ್ತಾನೆ. ಒಂದೂ ಮಾತು ಉಳಿಸಿಕೊಳ್ಳುವುದಿಲ್ಲ. ಆ ಪುಟಗಳನ್ನು ಓದಿ ಅತ್ತೆವು ಎಂದು ಹಲವರು ಬರೆದಿದ್ದಾರೆ, ಇಷ್ಟು ಆಳವಾಗಿ ಗಂಡಸಿನ ಮನಸ್ಸು ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಾರೆ. ಪ್ರಕಾಶಕರು ಕೇಳಿದ ಪ್ರೇರಣೆ ಇದೇ ಇರಬೇಕು. ಕಾದಂಬರಿಯಲ್ಲಾದರೆ ಮುಂದಿನ ಪ್ಯಾರಾದಲ್ಲಿ ಅವನ ತಲೆಯೊಳಗೆ ಹೋಗಿ ನೋಡಿಕೊಂಡು ಬರಬಹುದು. ಆ ಅನುಕೂಲ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಈಗ ಎರಡನೆಯ ಕಾದಂಬರಿಯನ್ನೂ ಅದೇ ಹಳ್ಳಿಯಲ್ಲಿ ಬರೆಯುತ್ತಿದ್ದೇನೆ.

ಪುಸ್ತಕ ಅಚ್ಚಾದಾಗ ಒಂದು ಪ್ರತಿಯನ್ನು ಪರ್ತ್‌ಗೆ ಕಳಿಸಲೋ ಬೇಡವೋ ಎಂದು ತುಂಬ ಯೋಚಿಸಿದೆ. ಅವರ ಮನೆಯಲ್ಲಿ ಈಗ ಇನ್ನೊಬ್ಬರಿದ್ದಾರೆ. ಕಳಿಸಲಿಲ್ಲ. ಬೇರೆ ಯಾರಿಂದಾದರೂ ಅವರಿಗೆ ಸಿಕ್ಕಿತೋ, ಓದಿದರೋ, ಗೊತ್ತಿಲ್ಲ. ಶ್ರೀಪಾದ ಅವರಿಗೆ ನನ್ನ ಮೇಲೆ ಏನಾದರೂ ಇತ್ತೋ, ಅಥವಾ ಹಿರಿಯರು ಹೇಳಿದರೆಂದು ಒಬ್ಬ ಹೆಂಗಸನ್ನು ಮಂಗಳವಾರ ಮಂಗಳವಾರ ಶಾಲೆಗೆ ಬಿಟ್ಟು ಬಂದರೋ, ಅದೂ ನನಗೆ ಗೊತ್ತಿಲ್ಲ.